ಮಲ್ಲಟದ ಮೇಲೆ ನಿಂತ ಕರ್ಸರ್

2024ರ ಮಾರ್ಚ್ 12, ಮಂಗಳವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ, ರಾಯಚೂರಿನ ನಮ್ಮ ಪತ್ರಿಕಾ ಕಚೇರಿಯಲ್ಲಿ, ನಾಲ್ವರು ಮಾತ್ರ ತೆರೆಯಬಹುದಾಗಿದ್ದ ಒಂದು ದಾಖಲೆಯೊಳಗೆ ಮಾನ್ವಿ ವರದಿಗಾರ ಅಮರೇಶನ ಹೆಸರು ಹೊತ್ತ ಹಸಿರು ಕರ್ಸರ್ ಕಾಣಿಸಿಕೊಂಡಿತು. ಆ ಹೊತ್ತಿನಲ್ಲಿ ಅಮರೇಶ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದಿದ್ದ. ಅವನ ಫೋನ್ ಮೇಜಿನ ಮೇಲಿತ್ತು, ಪರದೆ ಆರಿತ್ತು.

ನಾನು ಆಗ ಒಂದು ಸಣ್ಣ ದಿನಪತ್ರಿಕೆಯ ಜಿಲ್ಲಾ ಡೆಸ್ಕ್ ಮುಖ್ಯಸ್ಥ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಈ ಬರಹದಲ್ಲಿ ಬರುವ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಊರುಗಳ ಹೆಸರನ್ನು ಬದಲಿಸಿಲ್ಲ. ಅಡಗಬೇಕಾಗಿದ್ದವರು ಈಗ ಆ ಊರುಗಳಲ್ಲಿ ಇಲ್ಲ.

ನಮ್ಮ ಟಿಪ್ಪಣಿ, ಫೋಟೊ, ಧ್ವನಿಮುದ್ರಣಗಳೆಲ್ಲ ಮೊದಲು ಒಂದು ಕಂಪನಿಯ ಕ್ಲೌಡ್ ಖಾತೆಯಲ್ಲಿರುತ್ತಿದ್ದವು. ಅಂದರೆ ನಮ್ಮ ಕಡತಗಳು ದೂರದ ಯಾವುದೋ ಸರ್ವರ್‌ನಲ್ಲಿ ಇರುವುದು, ನಾವು ಇಂಟರ್ನೆಟ್ ಮೂಲಕ ಹೋಗಿ ನೋಡಿ ಬರುವುದು. 2022ರಲ್ಲಿ ಯಾರೋ ದೂರು ಕೊಟ್ಟರೆಂದು ಆ ಖಾತೆ ಹನ್ನೊಂದು ದಿನ ಬಂದ್ ಆಯಿತು. ಯಾರ ದೂರು, ಯಾವ ಕಾರಣ ಎಂದು ಕೇಳಲು ಒಂದು ಫೋನ್ ನಂಬರ್ ಕೂಡ ಸಿಗಲಿಲ್ಲ. ಹನ್ನೆರಡನೇ ದಿನ ಖಾತೆ ತೆರೆದಾಗ ನಮ್ಮ ಪುಟವಿನ್ಯಾಸ ನೋಡುವ ಶಶಿಕಲಾ ನೇರವಾಗಿ ನನ್ನ ಮೇಜಿಗೆ ಬಂದರು.

"ಆಚಾರ್ರೇ, ಬಾಡಿಗಿ ಮನಿ ಸಾಕು. ಕೀಲಿ ಅವರ ಕೈಯಾಗ ಇದ್ದರ ನಾವು ಯಾವತ್ತಿದ್ರೂ ಬಾಗಿಲ ಹೊರಗನ," ಎಂದರು.

ಹದಿನೆಂಟು ವರ್ಷದಿಂದ ಪುಟ ಕಟ್ಟುತ್ತಿದ್ದ ಅವರಿಗೆ ಕಂಪ್ಯೂಟರ್ ಒಳಗಿನ ವಿಚಾರಗಳನ್ನು ಸ್ವಂತವಾಗಿ ಓದಿ ತಿಳಿದುಕೊಳ್ಳುವ ಅಭ್ಯಾಸವಿತ್ತು. ಅವರು ತಂದು ಕೂರಿಸಿದ್ದು ಪೀರ್-ಟು-ಪೀರ್ ಎಂಬ ವಿಧಾನದ ಒಂದು ಉಚಿತ ತಂತ್ರಾಂಶ. ಅದರಲ್ಲಿ ನಡುವೆ ಸರ್ವರ್ ಇಲ್ಲ, ಕಂಪನಿ ಇಲ್ಲ. ದಾಖಲೆಯ ಪೂರ್ತಿ ಪ್ರತಿ ಪ್ರತಿಯೊಬ್ಬರ ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಇರುತ್ತದೆ. ದೇವದುರ್ಗದಲ್ಲಿ ನೆಟ್‌ವರ್ಕ್ ಹೋದರೂ ಅಲ್ಲಿಯವರು ಬರೆಯುತ್ತಲೇ ಇರಬಹುದು. ನೆಟ್‌ವರ್ಕ್ ಬಂದ ಕೂಡಲೇ ಅವರ ಫೋನ್ ನಮ್ಮ ಕಂಪ್ಯೂಟರನ್ನು ನೇರವಾಗಿ ಹುಡುಕಿಕೊಂಡು ಬಂದು, ನಿನ್ನಲ್ಲಿ ಇಲ್ಲದ್ದು ನನ್ನಲ್ಲಿ ಏನಿದೆ ಎಂದು ನೋಡಿ ಕೊಟ್ಟು ತೆಗೆದುಕೊಳ್ಳುತ್ತದೆ. ಇದನ್ನು ಸಿಂಕ್ ಎನ್ನುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಕೂತರೆ ಒಬ್ಬರು ಬರೆಯುವುದು ಇನ್ನೊಬ್ಬರಿಗೆ ಆ ಕ್ಷಣವೇ ಕಾಣುತ್ತದೆ. ಯಾರು ಯಾವ ಸಾಲಿನಲ್ಲಿದ್ದಾರೆ ಎಂಬುದನ್ನು ಅವರ ಹೆಸರಿನ ಬಣ್ಣದ ಕರ್ಸರ್ ತೋರಿಸುತ್ತದೆ. ಹೊಸ ಸಾಧನ ಸೇರಿಸಬೇಕಾದರೆ, ಈಗಾಗಲೇ ಒಳಗಿರುವ ಒಂದು ಫೋನ್ ತೋರಿಸುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಸಾಕು.

ಶಶಿಕಲಾ ಮೊದಲ ದಿನವೇ ಒಂದು ಎಚ್ಚರಿಕೆ ಹೇಳಿದ್ದರು. ಇದಕ್ಕೆ ಯಜಮಾನ ಇಲ್ಲ. ಯಾರೂ ನಮ್ಮನ್ನು ಹೊರಗೆ ಹಾಕಲಾರರು. ಹಾಗೆಯೇ ನಾವೂ ಒಳಗೆ ಬಂದವರ ಕೈಯಿಂದ ಏನನ್ನೂ ಕಿತ್ತುಕೊಳ್ಳಲಾರೆವು. ಮೊದಲ ಭಾಗ ನನಗೆ ಹಿಡಿಸಿತು. ಎರಡನೆಯದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಇನ್ನು ಪ್ರಕರಣ. 2024ರ ಜನವರಿ ಕೊನೆಯ ವಾರ ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ಒಬ್ಬ ಕೂಲಿಕಾರ ಸತ್ತ. ಬೈಕಿನಿಂದ ಬಿದ್ದು ಸತ್ತನೆಂದು ದಾಖಲಾಯಿತು. ಮೂರು ವಾರದ ನಂತರ ದುರುಗಪ್ಪ ಎಂಬ ಟಿಪ್ಪರ್ ಚಾಲಕ ನಮ್ಮ ದೇವದುರ್ಗ ವರದಿಗಾರ ಖಾಜಾ ಹುಸೇನನ ಮನೆಗೆ ಬಂದು ಬೇರೆಯೇ ಮಾತು ಹೇಳಿದ. ಆ ಕೂಲಿಕಾರ ಅಕ್ರಮವಾಗಿ ಮರಳು ತೆಗೆಯುತ್ತಿದ್ದ ಗುಂಡಿಯಲ್ಲಿ ದಂಡೆ ಕುಸಿದು ಹೂತುಹೋಗಿದ್ದ. ಯಾರ್ಡ್‌ನವರು, ಅಂದರೆ ತೆಗೆದ ಮರಳನ್ನು ರಾಶಿ ಹಾಕಿ ಮಾರುವ ಜಾಗದವರು, ಹೆಣವನ್ನು ದುರುಗಪ್ಪನ ಟಿಪ್ಪರ್‌ನಲ್ಲೇ ಹಾಕಿಸಿ ಆರು ಕಿಲೋಮೀಟರ್ ಆಚೆ ರಸ್ತೆ ಬದಿಗೆ ಇಳಿಸಿದ್ದರು. ಬೈಕನ್ನು ಆಮೇಲೆ ತಂದು ಕೆಡವಿದ್ದರು. ಇದನ್ನು ಕಣ್ಣಾರೆ ಕಂಡು, ಬಾಯಿ ಬಿಟ್ಟು ಹೇಳಲು ಒಪ್ಪಿದವನು ದುರುಗಪ್ಪ ಒಬ್ಬನೇ. ನ್ಯಾಯಾಧೀಶರ ಮುಂದೆ ಅವನ ಹೇಳಿಕೆ ದಾಖಲಾಗುವವರೆಗೆ ಅವನು ಬದುಕಿರಬೇಕಿತ್ತು.

ಖಾಜಾ ಹುಸೇನ ಅವನನ್ನು ದೇವದುರ್ಗದಿಂದ ತೆಗೆದು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿದ್ದ ಅವನ ಅಕ್ಕನ ಮನೆಗೆ ಬಿಟ್ಟುಬಂದ. ಫೋನ್ ಬಂದ್ ಇಡಲು ಹೇಳಿದ. ದುರುಗಪ್ಪ ಫೋನನ್ನೇ ಖಾಜಾನ ಕೈಗೆ ಕೊಟ್ಟುಬಿಟ್ಟ. ಅಕ್ಕನ ಮನೆಯಲ್ಲಿ ಆಗ ಬೇರೆ ಫೋನ್ ಇರಲಿಲ್ಲ. ಊರಿನ ಹೆಸರು ಖಾಜಾಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ದಾಖಲೆಯಲ್ಲಿ ಅವನ ಹೆಸರು, ಹೇಳಿದ ಮಾತು, ತಾರೀಖುಗಳು, ಟಿಪ್ಪರ್ ನಂಬರ್ ಎಲ್ಲ ಇದ್ದವು. ಊರು ಇರಲಿಲ್ಲ.

ಮಾರ್ಚ್ 12ರ ಬೆಳಿಗ್ಗೆ ವಕೀಲರು ಫೋನ್ ಮಾಡಿ, ಮರುದಿನ ಹತ್ತೂವರೆಗೆ ರಾಯಚೂರಿನಲ್ಲಿ ಹೇಳಿಕೆ ದಾಖಲಾಗುತ್ತದೆ ಎಂದರು. ದುರುಗಪ್ಪನನ್ನು ಕರೆತರಲು ನಾನು ಅಮರೇಶನನ್ನು ಆರಿಸಿದೆ. ಅವನದು ಮಾನ್ವಿ. ಆ ಭಾಗದ ಕಾಲುವೆ ದಾರಿಗಳೆಲ್ಲ ಅವನಿಗೆ ಗೊತ್ತು. ಊರಿನ ಹೆಸರನ್ನು ಬಾಯಿಂದಲೇ ಹೇಳಬೇಕೆಂದು ಅವನನ್ನು ರಾಯಚೂರಿಗೆ ಕರೆಸಿದ್ದೆ. ಹೇಳಿಯೂ ಆಗಿತ್ತು. ಆಮೇಲೆ ಖಾಜಾಗೆ ಸಮಯ ತಿಳಿಸಲು ದಾಖಲೆಯ ಕೊನೆಗೆ ಒಂದು ಸಾಲು ಸೇರಿಸಿದೆ. 'ನಾಳೆ ಬೆಳಿಗ್ಗೆ ಎಂಟಕ್ಕೆ' ಎಂದಷ್ಟೇ ಬರೆದಿದ್ದರೆ ಸಾಕಿತ್ತು. ಮೂವತ್ತಾರು ವರ್ಷ ಸುದ್ದಿ ತಿದ್ದಿದ ಕೈ. ಯಾರು, ಎಲ್ಲಿಂದ, ಯಾವಾಗ ಎಂಬುದಿಲ್ಲದ ಸಾಲನ್ನು ನಾನು ಎಷ್ಟು ವರದಿಗಾರರಿಗೆ ವಾಪಸು ಎಸೆದಿದ್ದೆನೋ ಲೆಕ್ಕವಿಲ್ಲ. ನನ್ನ ಕೈ ಬರೆದದ್ದು ಹೀಗಿತ್ತು: 'ದುರುಗಪ್ಪನನ್ನು ಮಲ್ಲಟದ ಅಕ್ಕನ ಮನೆಯಿಂದ ಅಮರೇಶ ಬುಧವಾರ ಬೆಳಿಗ್ಗೆ 8ಕ್ಕೆ ಕರೆದುಕೊಂಡು ಹೊರಡುವುದು.'

ಸಾಲು ಮುಗಿಸಿ ಪೂರ್ಣವಿರಾಮ ಹಾಕಿದಾಗ ಹಸಿರು ಕರ್ಸರ್ ಬಂತು.

ಪಕ್ಕದಲ್ಲಿ ನಿಂತಿದ್ದ ಶಶಿಕಲಾ ಮೊದಲು ನೋಡಿದರು. "ಅಮರೇಶಣ್ಣ, ನೀವು ಎರಡು ಜಾಗದಾಗ ಯಾವಾಗಿಂದ ಇರಾಕತ್ತೀರಿ?"

"ನನ್ನ ಹೆಂಡ್ತಿನೂ ಅದನ್ನ ಕೇಳ್ತಾಳ್ರಿ," ಎಂದು ಅಮರೇಶ ನಕ್ಕ. ಎದ್ದು ಬಂದು ಪರದೆ ನೋಡಿದ. ನಗು ಅಲ್ಲೇ ನಿಂತಿತು.

ಕರ್ಸರ್ ನಾನು ಬರೆದ ಸಾಲಿನ ಆರಂಭದಲ್ಲಿತ್ತು. ಒಂದೊಂದೇ ಪದ ದಾಟುತ್ತ ಬಂದು 'ಮಲ್ಲಟ' ಎಂಬಲ್ಲಿ ನಿಂತಿತು. ಆ ಪದದ ಹಿಂದೆ ಹಸಿರು ಬಣ್ಣ ತುಂಬಿಕೊಂಡಿತು. ಎಲ್ಲೋ ಒಂದು ಕಡೆ ಒಬ್ಬರು ಆ ಪದದ ಮೇಲೆ ಬೆರಳು ಒತ್ತಿ ಹಿಡಿದಿದ್ದರು. ಕಾಪಿ ಮಾಡುವಾಗ ಹಾಗೆ ಒತ್ತುತ್ತಾರೆ.

ನನ್ನ ಕೈ ಕೀಬೋರ್ಡಿನತ್ತ ಹೋಯಿತು. ಶಶಿಕಲಾ ಮಣಿಕಟ್ಟು ಹಿಡಿದರು.

"ಅಳಿಸಬ್ಯಾಡ್ರಿ. ಅದು ಆಗಲೇ ಆ ಕಡಿ ಹೋಗ್ಯದ. ಇಲ್ಲಿ ಅಳಿಸಿದ್ರೂ ಹಳೇ ಬರಹ ಎಲ್ಲರ ಪ್ರತಿಯಾಗೂ ಉಳೀತದ, ಹಿಂದಕ್ಕ ಸರಿಸಿ ನೋಡಬಹುದು. ಅಳಿಸಿದ್ರ ಒಂದ ಆಗ್ತದ, ನಾವು ನೋಡೀವಿ ಅಂತ ಅವರಿಗೆ ತಿಳೀತದ."

ಅವರು ಸಾಧನಗಳ ಪಟ್ಟಿ ತೆರೆದರು. ಐದು ಇದ್ದವು. ನಾನು, ಶಶಿಕಲಾ, ಖಾಜಾ ಹುಸೇನ, ಅಮರೇಶ, ಅಮರೇಶ. ಆ ಪಟ್ಟಿ ನನ್ನ ಕಣ್ಣ ಮುಂದೆ ಎಷ್ಟೋ ಸಲ ಬಂದಿತ್ತು. ನಾನು ಎಣಿಸಿರಲಿಲ್ಲ. ಹಿಂದಿನ ಎರಡು ವಾರ ಹಸಿರು ಕರ್ಸರ್ ದಿನಕ್ಕೆ ನಾಲ್ಕಾರು ಬಾರಿ ಬಂದು ಹೋಗುತ್ತಿದ್ದುದನ್ನು ನೋಡಿ, ಅಮರೇಶ ಈಗೀಗ ಕೆಲಸದಲ್ಲಿ ಶ್ರದ್ಧೆ ತೋರಿಸುತ್ತಿದ್ದಾನೆ ಎಂದು ಸಂಪಾದಕರ ಮುಂದೆ ಹೊಗಳಿದ್ದೆ ಕೂಡ.

"ನಾನು ದಿನಕ್ಕ ಒಮ್ಮಿ ತೆರದ್ರ ಹೆಚ್ಚುರಿ ಸರ್," ಎಂದ ಅಮರೇಶ. "ಹಳೇ ಫೋನು. ಅದು ಶಿವು ಹತ್ರ ಅದ."

ಶಿವು ಅಮರೇಶನ ಹೆಂಡತಿಯ ತಮ್ಮ. ನಮ್ಮ ಕಡೆಯ ಮನೆಗಳಲ್ಲಿ ಹಳೆಯ ಫೋನನ್ನು ಮಾರುವುದು ಕಡಿಮೆ. ಅಣ್ಣ ಹೊಸದು ಕೊಂಡರೆ ಹಳೆಯದು ತಮ್ಮನಿಗೆ, ಅಲ್ಲಿಂದ ಭಾಮೈದನಿಗೆ, ಕೊನೆಗೆ ಭಜನೆ ಕೇಳಲು ಅತ್ತೆಗೆ. ಆ ಸಂಕ್ರಾಂತಿಗೆ ಅಮರೇಶ ಹೊಸ ಫೋನ್ ಕೊಂಡು, ಹಳೆಯದರಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಹೊಸದನ್ನೂ ತನ್ನ ಹೆಸರಿಗೆ ಸೇರಿಸಿಕೊಂಡಿದ್ದ. ಹಳೆಯದನ್ನು ಖಾಲಿ ಮಾಡಿರಲಿಲ್ಲ. ಆಮೇಲೆ ಅವನ ಹೆಸರಿಗೆ ಬಂದ ದಾಖಲೆಗಳೂ ಎರಡು ಫೋನಿಗೂ ಹೋಗುತ್ತಿದ್ದವು.

"ರಿಸೆಟ್ ಮಾಡ್ಬೇಕಿತ್ತಲ್ಲೋ," ಎಂದೆ.

"ನಮ್ಮತ್ತಿ ತೀರಿಕೊಂಡ ವರ್ಷದ ವಿಡಿಯೊ ಅದರಾಗ ಇದ್ದವ್ರಿ. ತಾಯಿ ಮಾತಾಡಿದ್ದು ಹೋಗ್ತದ, ಏನೂ ಅಳಿಸಬ್ಯಾಡ್ರಿ, ಹಂಗ ಕೊಡ್ರಿ ತಮ್ಮಗ ಅಂದ್ಲು ಮನ್ಯಾಕಿ. ನಾನು ಆ ಆ್ಯಪ್ ಮಾತ್ರ ಮುಂದಿನ ಪರದೆಯಿಂದ ತೆಗದೀನ್ರಿ. ಕಾಣಂಗಿಲ್ಲಲ್ಲ, ಹೋತು ಅನ್ಕೊಂಡೆ."

"ಶಿವು ಎಲ್ಲಿ ಕೆಲಸ ಮಾಡ್ತಾನ?"

"ಸಂಕ್ರಾಂತಿಗೆ ಹತ್ತಿ ಮಿಲ್‌ನಾಗ ಇದ್ದ." ಅಮರೇಶ ಮತ್ತೆ ಪಟ್ಟಿಯತ್ತ ನೋಡಿದ. "ಫೆಬ್ರುವರಿಯಾಗ ಬಿಟ್ಟಾನ್ರಿ. ದೇವದುರ್ಗದ ಕಡಿ ಯಾವುದೋ ಯಾರ್ಡಿಗೆ ಗುಮಾಸ್ತ ಅಂತ ಮನ್ಯಾಕಿ ಹೇಳಿದ್ಲು. ಯಾವ ಯಾರ್ಡು ಅಂತ ನಾನು ಕೇಳ್ಲಿಲ್ಲ."

ಪರದೆಯ ಮೇಲೆ ಹಸಿರು ಬಣ್ಣ ಇನ್ನೂ ಇತ್ತು. ಯಾರೋ ನಮ್ಮನ್ನೇ ನೋಡುತ್ತಿದ್ದಾರೆ ಎಂಬ ಭಾವನೆಯಿಂದ ನಾನು ಪರದೆಯ ಮುಂದಿನಿಂದ ಪಕ್ಕಕ್ಕೆ ಸರಿದೆ. ಅದಕ್ಕೆ ಅರ್ಥವಿಲ್ಲವೆಂದು ಗೊತ್ತಿತ್ತು. ಆದರೂ ಸರಿದೆ.

ಶಿವುಗೆ ಫೋನ್ ಮಾಡುತ್ತೇನೆಂದು ಅಮರೇಶ ಹೊರಟ. ಬೇಡವೆಂದೆವು. ಆ ಫೋನ್ ಶಿವುವಿನ ಕೈಯಲ್ಲೇ ಇದೆ ಎಂಬುದಕ್ಕೆ ಖಾತ್ರಿ ಇರಲಿಲ್ಲ. ಆ ಸಾಧನವನ್ನು ಪಟ್ಟಿಯಿಂದ ತೆಗೆಯಬಹುದಿತ್ತು. ತೆಗೆದರೆ ಮುಂದೆ ಬರೆಯುವುದು ಅದಕ್ಕೆ ಹೋಗುವುದಿಲ್ಲ, ಅಷ್ಟೇ. ಹೋದ ಒಂದು ಪದ ಹೋಗಿಯಾಗಿತ್ತು. ಶಶಿಕಲಾ ಲೆಕ್ಕ ಹಾಕಿದ್ದು ಬೇರೆ ರೀತಿ. ಕರ್ಸರ್ ಎಷ್ಟು ಹೊತ್ತು ಇಲ್ಲಿರುತ್ತದೆಯೋ ಅಷ್ಟು ಹೊತ್ತು ಯಾರ್ಡ್‌ನವರಲ್ಲೊಬ್ಬ ಫೋನ್ ಹಿಡಿದು ಕೂತಿರುತ್ತಾನೆ. ಏನೂ ಗೊತ್ತಿಲ್ಲದವರಂತೆ ಬರೆಯುತ್ತಲೇ ಇದ್ದರೆ ಅವರಿಗೆ ನಾಳೆಯವರೆಗೆ ಸಮಯವಿದೆ ಎನಿಸಬಹುದು. ಶಶಿಕಲಾ ನನ್ನ ಕುರ್ಚಿಯಲ್ಲಿ ಕೂತು ಬತ್ತದ ಬೆಳೆಯ ಬಗ್ಗೆ ಏನೋ ಟಿಪ್ಪಣಿ ಬರೆಯತೊಡಗಿದರು. "ಹೋಗ್ರಿ ನೀವು. ನಾಳೆ ಎಂಟು ಗಂಟಿ ಅಂತ ಅವರು ನಂಬಲಿ. ನೀವು ನಂಬಬ್ಯಾಡ್ರಿ."

11 ಗಂಟೆ 41 ನಿಮಿಷಕ್ಕೆ ನಾನು ಜಿಲ್ಲೆಯ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ಸಾಕ್ಷಿ ಎಲ್ಲಿದ್ದಾನೆಂದು ಅವರಿಗೂ ಹೇಳಿರಲಿಲ್ಲ. ಅವರು ಬೈಯಲಿಲ್ಲ. ಮಲ್ಲಟಕ್ಕೆ ಸಿಬ್ಬಂದಿ ಕಳಿಸುತ್ತೇನೆ, ಒಂದೂವರೆ ಗಂಟೆ ಬೇಕು ಎಂದರು. ದುರುಗಪ್ಪ ಹೇಳಿದ್ದ ಯಾರ್ಡ್‌ನಿಂದ ಮಲ್ಲಟಕ್ಕೆ ಬೇಕಾಗುವುದು ಅದಕ್ಕಿಂತ ಕಡಿಮೆ. ನಮಗೂ ಒಂದು ಗಂಟೆಯ ಮೇಲೆ ಬೇಕು. ಅಮರೇಶನ ಕಾರಿನಲ್ಲಿ ಇಬ್ಬರೂ ಹೊರಟೆವು.

ಮಾರ್ಚ್ ತಿಂಗಳ ನಡುಹಗಲು. ರಸ್ತೆಯ ಮೇಲೆ ಬಿಸಿಲು ನೀರಿನಂತೆ ಹೊಳೆಯುತ್ತಿತ್ತು. ಊರು ದಾಟಿದ ಮೇಲೆ ಖಾಜಾ ಹುಸೇನನಿಗೆ ಫೋನ್ ಹಚ್ಚಿದೆ. ಯಾರ್ಡ್ ಎದುರಿನ ಚಹಾದಂಗಡಿಯಲ್ಲಿ ಕೂರಲು ಅವನಿಗೆ ಹೇಳಿ ಆಗಲೇ ಕಾಲು ಗಂಟೆಯಾಗಿತ್ತು.

"ಕುಂತೀನ್ರಿ. ಎರಡು ಚಾ ಆದ್ವು. ಒಂದು ಬಿಳಿ ಕಾರು ಗೇಟ್ ಹತ್ರ ನಿಂತದ, ನಾಲ್ಕು ಮಂದಿ ಹತ್ತಾಕತ್ತಾರ." ಕಾರಿನ ಬಾಗಿಲು ಹಾಕಿದ ಸದ್ದು ಫೋನಿನಲ್ಲೂ ಕೇಳಿಸಿತು. "ಹೊಂಟ್ತುರಿ. ಹನ್ನೊಂದು ಐವತ್ತೆರಡು. ನಿಮಗ ಟೈಮ್ ಬೇಕಾಗ್ತದಲ್ಲ, ನೋಡಿ ಹೇಳೀನಿ."

ನಾಳೆ ಎಂಟು ಗಂಟೆಯನ್ನು ಅವರು ನಂಬಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಆದದ್ದು ಆದಂತೆ ದಾಖಲಿಸಬೇಕು. ತಿಳಿದೂ ತಿಳಿದು ಸುಳ್ಳು ಬರೆಸಿದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು, ಅದೇ ಕೊನೆ. ಶಶಿಕಲಾಗೆ ಫೋನ್ ಮಾಡಿ, ಕರ್ಸರ್ ಇದೆಯೇ ಎಂದು ಕೇಳಿದೆ. ಇದೆ ಎಂದರು. ದಾಖಲೆಯಲ್ಲಿ ಒಂದು ಸುಳ್ಳು ಸಾಲು ಸೇರಿಸಲು ಹೇಳಿದೆ. ಯಾವ ಊರು ಎಂದು ಅವರು ಕೇಳಿದರು. ಗುಂಜಹಳ್ಳಿ ಎಂಬ ಹೆಸರು ಬಾಯಿಗೆ ಬಂತು. ಅದು ಬೇರೆ ದಿಕ್ಕು, ರಾಯಚೂರಿನ ಕಡೆ. ಆದರೆ ಒಂದು ಹಳ್ಳಿಯ ಹೆಸರು ಬರೆದರೆ ಒಂದು ಮನೆಯ ಬಾಗಿಲು ತಟ್ಟುತ್ತಾರೆ. ಮನೆ ಬೇಡ, ಬಯಲು ಜಾಗ ಬೇಕು, ಮಂದಿ ಓಡಾಡುವ ಜಾಗ ಬೇಕು ಎಂದುಕೊಂಡೆ. 'ಕಾರ್ಯಕ್ರಮ ಬದಲು. ದುರುಗಪ್ಪ ಮಲ್ಲಟ ಬಿಟ್ಟಿದ್ದಾನೆ. ಒಂದು ಗಂಟೆಗೆ ಪೋತ್ನಾಳ ಬಸ್ ನಿಲ್ದಾಣದಲ್ಲಿ ಕಾಯುತ್ತಾನೆ' ಎಂದು ಬರೆಸಿದೆ. ಪೋತ್ನಾಳ ದೊಡ್ಡ ಊರು, ಮುಖ್ಯರಸ್ತೆ, ಅಂಗಡಿ ಸಾಲು. ಅಲ್ಲಿ ಹಗಲು ಹೊತ್ತಿನಲ್ಲಿ ಯಾರು ಯಾರ ಮೈಮುಟ್ಟುತ್ತಾರೆ ಎಂಬುದು ನನ್ನ ತರ್ಕ. ಪೊಲೀಸ್ ಅಧಿಕಾರಿಗೂ ಅದನ್ನು ತಿಳಿಸಿದೆ. ಅಲ್ಲಿಗೂ ಜನ ಕಳಿಸುತ್ತೇನೆ ಎಂದರು.

12 ಗಂಟೆ 3 ನಿಮಿಷಕ್ಕೆ ಶಶಿಕಲಾ ವಾಪಸು ಫೋನ್ ಮಾಡಿದರು. "ಪೋತ್ನಾಳದ ಮ್ಯಾಲ ಹಸಿರು ಬಂತ್ರಿ." ಮತ್ತೆ ಒಂದು ನಿಮಿಷದ ಮೇಲೆ, "ಕರ್ಸರ್ ಹೋತು."

ಕಾರು ದಿಕ್ಕು ಬದಲಿಸಿತೋ ಇಲ್ಲವೋ ತಿಳಿಯುವ ದಾರಿ ನಮಗಿರಲಿಲ್ಲ. ಮುಂದಿನ ನಲವತ್ತೈದು ನಿಮಿಷ ಎದುರಿಗೆ ಬಂದ ಪ್ರತಿ ಬಿಳಿ ಕಾರನ್ನೂ ನಾನು ಎಣಿಸಿದೆ. ಹನ್ನೊಂದು. ಹಿಂದಿನಿಂದ ಬಂದು ನಮ್ಮನ್ನು ದಾಟಿ ಹೋದದ್ದು ಎರಡು. ಕಾಲುವೆ ದಂಡೆಯ ಕಚ್ಚಾ ದಾರಿಗೆ ಇಳಿದಾಗ ಅಮರೇಶ, "ಸರ್, ನಾನು ಬರೇ ಅವರವ್ವನ ದನಿ ಉಳೀಲಿ ಅಂತ ಬಿಟ್ಟೀನ್ರಿ," ಎಂದ.

ಮಲ್ಲಟ ಮುಟ್ಟಿದಾಗ 12 ಗಂಟೆ 50. ದುರುಗಪ್ಪನ ಅಕ್ಕ ಹುಲಿಗೆವ್ವನ ಮನೆ ಊರ ಅಂಚಿನಲ್ಲಿತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿಯ ಒಂದು ರೆಕ್ಕೆ ತೆರೆದು ಆಕೆ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದುರುಗಪ್ಪನ್ನ ಕರೀಯವ್ವಾ, ಅರ್ಜೆಂಟ್ ಅದ," ಎಂದ ಅಮರೇಶ.

"ಯಾವ ದುರುಗಪ್ಪ? ಈ ಊರಾಗ ಹನ್ನೆರಡು ಮಂದಿ ದುರುಗಪ್ಪ ಅದಾರ. ನನ್ನ ಗಂಡನ ಹೆಸರೂ ಅಲ್ಲ, ಮಗನ ಹೆಸರೂ ಅಲ್ಲ. ಹೋಗ್ರಿ."

"ನಾವು ಪೇಪರಿನವರು."

"ಪೇಪರಿನವರಾದ್ರ ಮುಂಜಾನಿ ಬರ್ತಾರ, ಪೇಪರ್ ಒಗದು ಹೋಗ್ತಾರ. ಹಿಂಗ ಮಟಮಟ ಮಧ್ಯಾಹ್ನ ಕಾರ್ ತಗೊಂಡು ಬರಂಗಿಲ್ಲ. ಕೈಯಾಗ ಕೊಡ್ಲಿ ಅದ ನೋಡ್ರಿ, ಸುಮ್ನ ಹೇಳಾಕತ್ತೀನಿ."

ತಪ್ಪು ಅವಳದಲ್ಲ. ಖಾಜಾ ಹುಸೇನ ಬಿಟ್ಟು ಬೇರೆ ಯಾರು ಬಂದರೂ ಬಾಗಿಲು ತೆರೆಯಬೇಡವೆಂದು ಹೇಳಿಸಿದ್ದು ನಾನೇ. ಖಾಜಾಗೆ ಫೋನ್ ಹಚ್ಚಿದೆ. ಸಿಗ್ನಲ್ ಒಂದು ಕಡ್ಡಿ ಬಂದು ಹೋಗುತ್ತಿತ್ತು. ಮೂರು ಬಾರಿ ಕಟ್ಟಾಯಿತು. ಊರಿನ ದಾರಿಯಲ್ಲಿ ಯಾವುದೋ ವಾಹನದ ಸದ್ದು ಕೇಳಿಸಿ ಅಮರೇಶ ತಿರುಗಿ ನೋಡಿದ. ಟ್ರ್ಯಾಕ್ಟರ್. ನಾಲ್ಕನೆಯ ಬಾರಿಗೆ ಖಾಜಾ ಸಿಕ್ಕ. ಸ್ಪೀಕರ್ ಹಾಕಿ ಫೋನನ್ನು ಕಿಟಕಿಯ ಹತ್ತಿರ ಹಿಡಿದೆ.

"ಯಕ್ಕಾ, ನಾ ಖಾಜಾ. ನಿನ್ನ ಮನ್ಯಾಗ ಖಾರದ ಚಟ್ನಿ ತಿಂದು ಎರಡು ತಂಬಿಗಿ ನೀರು ಕುಡದವ. ಅವರು ನಮ್ಮವರ, ಕಳಿಸಿಕೊಡು."

"ಎರಡಲ್ಲೋ, ಮೂರು ತಂಬಿಗಿ," ಎಂದಳು ಹುಲಿಗೆವ್ವ. ಅಗುಳಿ ಸರಿದ ಸದ್ದು ಕೇಳಿಸಿತು. ಒಳಗೆ ಜೋಳದ ಚೀಲಗಳ ಹಿಂದಿನಿಂದ ದುರುಗಪ್ಪ ಎದ್ದು ಬಂದ. ಮೂವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಮನುಷ್ಯ. ಚಪ್ಪಲಿ ಹುಡುಕಲು ಹೋದವನನ್ನು ಅಕ್ಕ ತಳ್ಳಿದಳು. "ಬರಿಗಾಲಲ್ಲೇ ಹೋಗಲೇ, ಜೀವ ಇದ್ರ ಚಪ್ಲಿ ತಗೋಬಹುದು."

ಬೀಗ ಹಾಕಿ ಪಕ್ಕದ ಓಣಿಯವರ ಮನೆಗೆ ಹೋಗಿರಲು ಆಕೆಗೆ ಹೇಳಿ, 1 ಗಂಟೆ 4 ನಿಮಿಷಕ್ಕೆ ಹೊರಟೆವು. ದುರುಗಪ್ಪ ಹಿಂದಿನ ಸೀಟಿನ ಕೆಳಗೆ ಮಲಗಿದ್ದ. ಊರಾಚೆ ಪೊಲೀಸ್ ಜೀಪು ಎದುರಾಯಿತು. ಅದು ತಿರುಗಿ ನಮ್ಮ ಹಿಂದೆಯೇ ರಾಯಚೂರಿನವರೆಗೆ ಬಂತು. ಆ ರಾತ್ರಿ ಅವನನ್ನು ಪೊಲೀಸ್ ರಕ್ಷಣೆಯಲ್ಲಿ ಇಟ್ಟರು. ಮರುದಿನ, ಮಾರ್ಚ್ 13ರಂದು, ಅವನ ಹೇಳಿಕೆ ಎರಡು ಗಂಟೆಗೂ ಹೆಚ್ಚು ಹೊತ್ತು ದಾಖಲಾಯಿತು.

ಪೋತ್ನಾಳದಲ್ಲಿ ಏನಾಯಿತೆಂಬುದು ನಮಗೆ ತಿಳಿದದ್ದು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಬಿಳಿ ಕಾರು ಅಲ್ಲಿಗೆ ಹೋಗಿತ್ತು. ಒಂದಕ್ಕೆ ಐದು ನಿಮಿಷ ಇರುವಾಗ ಬಸ್ ನಿಲ್ದಾಣದ ನೆರಳಿನಲ್ಲಿ ಮೂವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಒಬ್ಬ ಮನುಷ್ಯ ಕೈಚೀಲ ಹಿಡಿದು ಒಬ್ಬನೇ ನಿಂತಿದ್ದ. ಹೆಸರು ಮಲ್ಲಿಕಾರ್ಜುನ. ಮಾನ್ವಿಯವನು, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಆ ದಿನ ಪೋತ್ನಾಳದಲ್ಲಿ ಎರಡು ಯಂತ್ರ ಸರಿಮಾಡಿ ಊರಿಗೆ ಹೊರಟಿದ್ದ. ಯಾರ್ಡ್‌ನವರು ಹೊರಗಿನಿಂದ ಕರೆಸಿದ್ದ, ದುರುಗಪ್ಪನ ಮುಖ ಕಂಡಿರದ ನಾಲ್ವರು ಅವನನ್ನು ಕಾರಿಗೆ ಎಳೆದುಕೊಂಡರು. ಅಂಗಡಿಗಳವರು ನೋಡಿದರು. ಹಣಕ್ಕೋ ಹೆಣ್ಣಿಗೋ ಜಗಳವಿರಬೇಕೆಂದು ಸುಮ್ಮನಿದ್ದರು. ಪೊಲೀಸರು ಅಲ್ಲಿ ಮುಟ್ಟಿದ್ದು ಆ ನಂತರ. ಅವನ ಗುರುತಿನ ಚೀಟಿ ನೋಡುವಷ್ಟರಲ್ಲಿ ಕಾರಿನವರು ಅವನ ಬಲಗೈಯ ಎರಡು ಬೆರಳು ಮುರಿದಿದ್ದರು. ಆಮೇಲೆ ಗದ್ದೆ ಬದಿಗೆ ಇಳಿಸಿ ಹೋದರು.

ಆ ಸಂಜೆ ಅಮರೇಶ ಶಿವುವನ್ನು ಮಾನ್ವಿಗೆ ಕರೆಸಿ ಕೇಳಿದ. ಅವನು ಅತ್ತುಬಿಟ್ಟ. "ಮಾವಾ, ಆ ಫೋನು ನನ್ನ ಹತ್ರ ಇಲ್ಲ. ಟಿಪ್ಪರ್ ಟ್ರಿಪ್ ಬರ್ಯಾಕ ಒಂದು ಫೋನ್ ಬೇಕು ಅಂದ್ರು, ಟೇಬಲ್ ಮ್ಯಾಲ ಇಟ್ಟೆ. ಲಾಕ್ ಇಲ್ಲ. ಬಂದವ್ರೆಲ್ಲ ಹಿಡೀತಾರ. ದುರುಗಪ್ಪನ ಹೆಸರು ನೋಟಿಫಿಕೇಶನ್‌ದಾಗ ಬಂತಂತ. ಯಾರು ನೋಡಿದ್ರು ನಂಗೊತ್ತಿಲ್ಲ." ಅವ್ವನ ವಿಡಿಯೊಗಳನ್ನು ಮೊದಲೇ ತನ್ನ ಇನ್ನೊಂದು ಫೋನಿಗೆ ಹಾಕಿಕೊಂಡಿದ್ದನಂತೆ. ಆ ಹಳೆಯ ಫೋನ್ ಆಮೇಲೆ ಯಾರಿಗೂ ಸಿಗಲಿಲ್ಲ. ಪೊಲೀಸರು ಯಾರ್ಡ್‌ಗೆ ಹೋದಾಗ ಮೇಜಿನ ಮೇಲೆ ಚಾರ್ಜರ್ ಮಾತ್ರ ಇತ್ತು. ಪದಗಳ ಮೇಲೆ ಬೆರಳು ಒತ್ತಿದವರು ಯಾರೆಂದು ಸಾಬೀತು ಮಾಡಲು ಯಾವ ಕಂಪನಿಯ ಸರ್ವರ್‌ನಲ್ಲೂ ದಾಖಲೆ ಇರಲಿಲ್ಲ. ನಾವು ಆರಿಸಿಕೊಂಡಿದ್ದ ವ್ಯವಸ್ಥೆಯೇ ಅಂಥದ್ದು.

ಮಾರ್ಚ್ 17, ಭಾನುವಾರ, ನಾನು ಮಾನ್ವಿಗೆ ಹೋಗಿ ಮಲ್ಲಿಕಾರ್ಜುನನನ್ನು ಕಂಡೆ. ಆ ಸಾಲು ಬರೆಸಿದವನು ನಾನೇ ಎಂದು ಹೇಳಿದೆ. ಅವನು ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ.

"ಬಸ್ ಸ್ಟ್ಯಾಂಡ್ ಅಂತ ಯಾಕ ಬರಸಿದ್ರಿ?"

"ಅಲ್ಲಿ ಮಂದಿ ಇರ್ತಾರ ಅಂತ."

"ನಾನ ಇದ್ದೆ ನೋಡ್ರಿ," ಎಂದ. ಆಮೇಲೆ ಅವನ ಹೆಂಡತಿ ತಂದ ಚಹಾವನ್ನು ಎಡಗೈಯಿಂದ ನನ್ನತ್ತ ಸರಿಸಿದ.

ನಾವು ಆ ತಂತ್ರಾಂಶವನ್ನು ಬಿಡಲಿಲ್ಲ. ದುರುಗಪ್ಪನ ಪೂರ್ತಿ ಮಾತು ನಾಲ್ಕು ಕಡೆ ಇದ್ದದ್ದರಿಂದಲೇ, ಏಪ್ರಿಲ್‌ನಲ್ಲಿ ಖಾಜಾ ಹುಸೇನನ ಮನೆಗೆ ನುಗ್ಗಿ ಅವನ ಫೋನ್ ಒಡೆದುಹಾಕಿದಾಗಲೂ ಸುದ್ದಿಗೆ ಏನೂ ಆಗಲಿಲ್ಲ. ಬದಲಾದದ್ದು ಕೆಲಸದ ರೀತಿ. ಪ್ರತಿ ಸೋಮವಾರ ಬೆಳಿಗ್ಗೆ ಡೆಸ್ಕ್‌ನಲ್ಲಿ ಸಾಧನಗಳ ಹಾಜರಿ ಕೂಗುತ್ತಾರೆ. ಪ್ರತಿಯೊಬ್ಬರೂ ತಮ್ಮ ಫೋನ್ ಎತ್ತಿ ತೋರಿಸಬೇಕು. ಫೋನ್ ಬದಲಿಸುವವರು ಹಳೆಯದನ್ನು ಮೊದಲು ಶಶಿಕಲಾ ಕೈಗೆ ಕೊಡಬೇಕು. ಸಾಕ್ಷಿ ಇರುವ ಊರನ್ನು ಯಾವ ಯಂತ್ರದಲ್ಲೂ, ಯಾವ ಕಾಗದದಲ್ಲೂ ಬರೆಯುವಂತಿಲ್ಲ. 'ಎಲ್ಲಿ' ಎಂಬುದಿಲ್ಲದ ಸಾಲನ್ನು ತಿದ್ದದೆ ಹಾಗೆಯೇ ಬಿಡುವುದನ್ನು ನಾನು ವೃತ್ತಿಯ ಕೊನೆಯ ವರ್ಷ ಕಲಿತೆ. ಸಾಕ್ಷಿಯನ್ನು ಉಳಿಸಲು ಬರೆಸಿದ ಸುಳ್ಳು ಯಾರ ಮೇಲೆ ಹೋಗಿ ಬೀಳುತ್ತದೆ ಎಂಬುದು ಬರೆಸಿದವನ ಕೈಯಲ್ಲಿ ಇರುವುದಿಲ್ಲ ಎಂಬುದನ್ನೂ ಅದೇ ವರ್ಷ ಕಲಿತೆ.

ಯಾರ್ಡ್‌ನ ಇಬ್ಬರ ಮೇಲೆ ಪ್ರಕರಣ ದಾಖಲಾಗಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಬಿಳಿ ಕಾರಿನ ನಾಲ್ವರನ್ನು ಮಲ್ಲಿಕಾರ್ಜುನ ಗುರುತಿಸಲಿಲ್ಲ. ಅವನ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಅಮರೇಶ ಪತ್ರಿಕೆ ಬಿಟ್ಟಿದ್ದಾನೆ. ದುರುಗಪ್ಪ 2024ರ ಮೇ ತಿಂಗಳಲ್ಲಿ ರಾಜ್ಯ ಬಿಟ್ಟು ಹೋದ. ಎಲ್ಲಿಗೆಂದು ನಾನು ಕೇಳಿಲ್ಲ. ಪ್ರತಿ ಭಾನುವಾರ ಯಾರದೋ ಫೋನಿನಿಂದ ಅಕ್ಕನಿಗೆ ಕರೆ ಮಾಡುತ್ತಾನೆಂದು ಖಾಜಾ ಹುಸೇನ ಹೇಳುತ್ತಿದ್ದ. ನ್ಯಾಯಾಲಯದಲ್ಲಿ ಅವನ ಸಾಕ್ಷ್ಯದ ವಿಚಾರಣೆ ಮುಂದಿನ ತಿಂಗಳಿಗೆ ನಿಗದಿಯಾಗಿದೆ. ಈ ಬರಹ ಮುಗಿಸುವ ಮೊದಲು ನಾನು ಹುಲಿಗೆವ್ವನೊಂದಿಗೆ ಮಾತನಾಡಿದೆ. ಎರಡು ಭಾನುವಾರದಿಂದ ಕರೆ ಬಂದಿಲ್ಲ.